ಯುದ್ಧಕಾಲದ ಪತ್ತೇದಾರಿ ಕಾದಂಬರಿಯೊಳಗ ಆರ್ಕಿಯಾಲಜಿಸ್ಟೇ ಯಾಕ ಗೂಢಚಾರ ಆಗಿರ್ತಾನ?

ಯಾಕಂದ್ರ ಖರೇನ ಹಂಗ ನಡದಿತ್ತು, ಲೇಖಕರು ಬರೇ ಕಲ್ಪನಾ ಮಾಡಿದ್ದಲ್ಲ. ಹಳೇ ಊರು ಅಗಿಯೋವ್ರ ಕೆಲಸ ನೋಡ್ರಿ, ನಕಾಶೆ ಬರಿಯೋದು, ಫೋಟೋ ಹೊಡಿಯೋದು, ನೀರು ಎಲ್ಲಿ ಸಿಗ್ತದ ದಾರಿ ಎತ್ತಾಗ ಹೊಕ್ಕದ ಅಂತ ಊರ ಮಂದೀನ ಕೇಳೋದು. ಸೈನ್ಯಕ್ಕ ಬೇಕಾಗೋದೂ ಇದ. ನಮ್ಮ ಗದಗ ಕಡೆ ಲಕ್ಕುಂಡಿ ಬಾವಿ ಹತ್ರ ಯಾರರ ಟೇಪ್ ಹಿಡದು ಅಳೀತಿದ್ರ ನಾವು ಚಾ ಕುಡೀತೀರೇನ್ರಿ ಅಂತೀವಿ ಹೊರತು ಸಂಶಯ ಪಡಂಗಿಲ್ಲ.

1914ರ ಜನವರಿಯೊಳಗ, ಮೊದಲನೇ ಮಹಾಯುದ್ಧಕ್ಕ ಇನ್ನೂ ಕೆಲವು ತಿಂಗಳು ಇರೂಮುಂದ, ಬ್ರಿಟಿಷ್ ಆರ್ಕಿಯಾಲಜಿಸ್ಟರಾದ ಲಿಯೊನಾರ್ಡ್ ವೂಲಿ ಮತ್ತ ಟಿ. ಇ. ಲಾರೆನ್ಸ್ ಬೈಬಲ್ ಕಾಲದ ಜಾಗಾ ಹುಡುಕಾಕ ಈಗಿನ ಇಸ್ರೇಲ್‌ನ ನೆಗೆವ್ ಮರುಭೂಮಿಗೆ ಹೋದ್ರು, ಅದೇನ ಪೂರಾ ಸುಳ್ಳಲ್ಲ, ಹುಡುಕಿದ್ರು, ಪುಸ್ತಕಾನೂ ಬರದ್ರು, ಆದ್ರ ಅದ ಹೊತ್ತಿಗೆ ಈ ಹುಡುಕಾಟದ ಮರೆಯೊಳಗ ಬ್ರಿಟಿಷ್ ಮಿಲಿಟರಿ ಸರ್ವೇದವ್ರು ತುರ್ಕರ ಕೈಯಾಗಿದ್ದ ಆ ನೆಲದ ನಕಾಶೆ ತಯಾರ ಮಾಡಾಕತ್ತಿದ್ರು. ಯುದ್ಧ ಶುರು ಆದಮ್ಯಾಲ ಲಾರೆನ್ಸ್ ಕೈರೋದ ಗುಪ್ತಚರ ಆಫೀಸಿಗೇ ಸೇರಿದ.

ಇನ್ನೊಂದು ಮಜಾ ಅಂದ್ರ, ಸಂಶೋಧನಾ ಹೆಸರಿನ್ಯಾಗ ಬೇಹುಗಾರಿಕೆ ಮಾಡಿದವ್ರನ್ನ 1919ರಾಗ ಮಾನವಶಾಸ್ತ್ರಜ್ಞ ಫ್ರಾಂಜ್ ಬೋವಾಸ್ ಪತ್ರಿಕೆಯೊಳಗ ಬೈದು ಬರದ್ರ, ಅಮೆರಿಕದ ಮಾನವಶಾಸ್ತ್ರಜ್ಞರ ಸಂಘ ತಿರುಗಿ ಅವನನ್ನ ಖಂಡಿಸ್ತು.