ಮೈಸೂರಿನಲ್ಲಿ ಆಂಟೆನಾ ಹಾಕಿ ತಿಂಗಳ ಬಾಡಿಗೆಯಿಲ್ಲದೆ ಟಿವಿ ನೋಡಬಹುದೇ?

ಸರಸ್ವತಿಪುರಂನಲ್ಲಿ ಬಾಡಿಗೆ ಮನೆ, ಆನ್‌ಲೈನ್‌ನಲ್ಲಿ ತರಿಸಿದ ಡಿಜಿಟಲ್ ಆಂಟೆನಾ ಒಂದು ವಾಹಿನಿಯನ್ನೂ ಹಿಡಿಯುತ್ತಿಲ್ಲ, ತಾಯಿಯವರಿಗೆ ಚಂದನ ಬಂದರೆ ಸಾಕು ಎಂದು ಬರೆದಿದ್ದೀರಿ. ಮೊದಲು ಆ ಆಂಟೆನಾವನ್ನು ವಾಪಸು ಕಳಿಸಿ. ಅದನ್ನು ಕಿಟಕಿಗೆ ಕಟ್ಟಿದರೂ ತಾರಸಿಗೆ ಏರಿಸಿದರೂ ಪ್ರಯೋಜನವಿಲ್ಲ. ದೂರದರ್ಶನದ ಹಳೆಯ ಅನಲಾಗ್ ಪ್ರಸಾರ ನಮ್ಮ ಕಡೆ ನಿಂತುಹೋಗಿದೆ. ನೆಲದ ಗೋಪುರದಿಂದ ಡಿಜಿಟಲ್ ಪ್ರಸಾರ ಶುರುವಾದದ್ದು ಬೆಂಗಳೂರೂ ಸೇರಿದಂತೆ ದೇಶದ ಕೆಲವೇ ನಗರಗಳಲ್ಲಿ. ಆ ಪಟ್ಟಿಯಲ್ಲಿ ಮೈಸೂರೂ ಇಲ್ಲ, ಮಂಡ್ಯವೂ ಇಲ್ಲ. ಬೆಂಗಳೂರಿನ ಅಲೆ ಇಷ್ಟು ದೂರ ಬರಲಿ ಎಂದು ಕಾಯುವುದು ವ್ಯರ್ಥ. ಆಂಟೆನಾ ಮಾರುವವರು ಈ ಮಾತನ್ನು ಹೇಳದೆ ಇರುವುದು ನನಗೆ ನಿಜಕ್ಕೂ ಬೇಸರದ ಸಂಗತಿ.

ನಿಮಗೆ ಬೇಕಾದದ್ದು ಡಿಡಿ ಫ್ರೀ ಡಿಶ್, ಎಂದರೆ ಉಪಗ್ರಹದಿಂದ ನೇರವಾಗಿ ಮನೆಗೆ ಬರುವ ದೂರದರ್ಶನದ ಪ್ರಸಾರ. 2004ರ ಡಿಸೆಂಬರ್‌ನಲ್ಲಿ ಡಿಡಿ ಡೈರೆಕ್ಟ್ ಪ್ಲಸ್ ಎಂಬ ಹೆಸರಿನಲ್ಲಿ ಆರಂಭವಾದ ಸೇವೆ ಇದು. ಡಿಶ್, ಬಾಕ್ಸ್, ಕೇಬಲ್ಲಿಗೆ ಒಮ್ಮೆ ಹಣ ಕೊಟ್ಟರೆ ಮುಗಿಯಿತು, ತಿಂಗಳ ಶುಲ್ಕವಿಲ್ಲ. ಚಂದನ ಬರುತ್ತದೆ, ಜಂಬೂಸವಾರಿಯ ನೇರಪ್ರಸಾರವನ್ನು ಮನೆಯಲ್ಲೇ ಕುಳಿತು ನೋಡಬಹುದು, ಆಕಾಶವಾಣಿಯ ವಾಹಿನಿಗಳೂ ಇವೆ. ಆದರೆ ಖಾಸಗಿ ಕನ್ನಡ ವಾಹಿನಿಗಳ ಧಾರಾವಾಹಿಗಳಿಗಾಗಿ ಇದನ್ನು ಹಾಕಿಸಬೇಡಿ. ಖಾಸಗಿ ವಾಹಿನಿಗಳಿಗೆ ಜಾಗ ಸಿಗುವುದು ಹರಾಜಿನಲ್ಲಿ, ಪಟ್ಟಿ ಬದಲಾಗುತ್ತಲೇ ಇರುತ್ತದೆ, ಅದರಲ್ಲಿ ಹಿಂದಿಯದೇ ಮೇಲುಗೈ. ಬಾಕ್ಸ್ ಕೊಳ್ಳುವಾಗ ಎಂಪೆಗ್-4 (ಚಿತ್ರವನ್ನು ಕುಗ್ಗಿಸಿ ಕಳಿಸುವ ಹೊಸ ವಿಧಾನ) ಇರುವುದನ್ನೇ ಕೇಳಿ. ಹಳೆಯ ಎಂಪೆಗ್-2 ಬಾಕ್ಸಿನಲ್ಲಿ ಕೆಲವು ವಾಹಿನಿಗಳು ಬರುವುದಿಲ್ಲ.

ಇನ್ನು ಡಿಶ್ ತಿರುಗಿಸುವ ಕೆಲಸ. ಪ್ರಸಾರ ಬರುವುದು ಜಿಸ್ಯಾಟ್-15 ಉಪಗ್ರಹದಿಂದ, ಅದು ಸಮಭಾಜಕದ ಮೇಲೆ 93.5 ಡಿಗ್ರಿ ಪೂರ್ವ ರೇಖಾಂಶದಲ್ಲಿದೆ. ಮೈಸೂರಿನಿಂದ ಅದರ ದಿಕ್ಕು ಉತ್ತರದಿಂದ ಬಲಕ್ಕೆ ಸುಮಾರು 125 ಡಿಗ್ರಿ, ಎಂದರೆ ಆಗ್ನೇಯದಿಂದ ಸ್ವಲ್ಪ ಪೂರ್ವದ ಮಗ್ಗುಲಿಗೆ. ನಿಮ್ಮ ಬಡಾವಣೆಯವರಿಗೆ ದಿಕ್ಸೂಚಿಯೇ ಬೇಡ: ತಾರಸಿಯ ಮೇಲೆ ನಿಂತು ಚಾಮುಂಡಿ ಬೆಟ್ಟದ ದೇವಸ್ಥಾನದ ಕಡೆ ಮುಖ ಮಾಡಿದರೆ ಹೆಚ್ಚುಕಡಿಮೆ ಅದೇ ದಿಕ್ಕು. ಬೆಟ್ಟ ಅಡ್ಡ ಬರುತ್ತದೆಂಬ ಅನುಮಾನ ಬೇಡ. ಉಪಗ್ರಹ ದಿಗಂತದಿಂದ ಸುಮಾರು 65 ಡಿಗ್ರಿ ಮೇಲಿದೆ, ಬೆಟ್ಟ ಅದರ ಕಾಲಬುಡದಲ್ಲಿ ಉಳಿಯುತ್ತದೆ. ಅಡ್ಡ ಬರುವುದು ಪಕ್ಕದ ತೆಂಗಿನ ಮರ ಮತ್ತು ನೀರಿನ ಟ್ಯಾಂಕು. ಆ ದಿಕ್ಕಿನಲ್ಲಿ 10 ಅಡಿ ದೂರದ ಮರ ಡಿಶ್‌ಗಿಂತ 20 ಅಡಿಗೂ ಹೆಚ್ಚು ಎತ್ತರವಿದ್ದರೆ ಜಾಗ ಬದಲಿಸಿ.

ಡಿಶ್‌ನ ಮುಖ ನೋಡಿ ಎತ್ತರವನ್ನು ಅಂದಾಜು ಮಾಡಬೇಡಿ. ಕೆಳಗಿನಿಂದ ತೋಳು ಚಾಚಿರುವ ಡಿಶ್‌ಗಳು ತಮ್ಮ ಮುಖ ನೋಡುವ ಕಡೆಗಿಂತ ಇಪ್ಪತ್ತಕ್ಕೂ ಹೆಚ್ಚು ಡಿಗ್ರಿ ಮೇಲಿನಿಂದ ಬರುವ ಅಲೆಯನ್ನು ಹಿಡಿಯುತ್ತವೆ. ಹಿಂಬದಿಯ ಕ್ಲ್ಯಾಂಪಿನ ಮೇಲೆ ಕೊರೆದ ಅಂಕಿಗಳನ್ನೇ ನಂಬಿ. ಆ ಅಂಕಿಗಳು ಸರಿ ಹೇಳಬೇಕಾದರೆ ಕಂಬ ನೆಟ್ಟಗಿರಬೇಕು, ಗಾರೆಯವರ ರಸಮಟ್ಟ ಹಿಡಿದು ಎರಡು ಮಗ್ಗುಲಲ್ಲೂ ನೋಡಿ.

ಮುಖ್ಯವಾದ ಮಾತು ಇದು. ಬಾಕ್ಸಿನ ಪರದೆಯಲ್ಲಿ ಎರಡು ಪಟ್ಟಿಗಳು ಕಾಣುತ್ತವೆ, ಸ್ಟ್ರೆಂತ್ ಮತ್ತು ಕ್ವಾಲಿಟಿ. ಮೊದಲನೆಯದನ್ನು ನೋಡಲೇಬೇಡಿ. ಡಿಶ್‌ನ ತೋಳಿನ ತುದಿಯಲ್ಲಿ ಅಲೆಯನ್ನು ಹಿಡಿಯುವ ಎಲ್‌ಎನ್‌ಬಿ ಎಂಬ ಸಾಧನಕ್ಕೆ ವಿದ್ಯುತ್ ತಲುಪಿದರೆ ಸಾಕು, ಡಿಶ್ ಖಾಲಿ ಆಕಾಶ ನೋಡುತ್ತಿದ್ದರೂ ಆ ಪಟ್ಟಿ ಅರ್ಧಕ್ಕಿಂತ ಮೇಲೇರಿ ನಿಲ್ಲಬಹುದು. ಬಾಕ್ಸ್ ಹುಡುಕುತ್ತಿರುವ ಪ್ರಸಾರ ನಿಜವಾಗಿ ಸಿಕ್ಕಾಗ ಮಾತ್ರ ಕ್ವಾಲಿಟಿ ಏಳುತ್ತದೆ. ಮೆನುವಿನಲ್ಲಿ ಎಲ್‌ಎನ್‌ಬಿಯನ್ನು ಯೂನಿವರ್ಸಲ್, 9750 ಮತ್ತು 10600 ಎಂದು ಇಟ್ಟುಕೊಳ್ಳಿ. ಒಬ್ಬರು ಟಿವಿ ಮುಂದೆ ಕೂತು ಫೋನಿನಲ್ಲಿ ಕ್ವಾಲಿಟಿಯ ಅಂಕಿ ಓದಲಿ. ನೀವು ಡಿಶ್ಶನ್ನು ಎಳ್ಳಷ್ಟು ತಿರುಗಿಸಿ, ಕೈ ಬಿಟ್ಟು, ಕೆಲವು ಕ್ಷಣ ಕಾಯಿರಿ. ಪಟ್ಟಿ ನಿಧಾನವಾಗಿ ಏಳುವುದರಿಂದ ಆತುರದಲ್ಲಿ ತಿರುಗಿಸಿದವರು ಸರಿಯಾದ ಜಾಗವನ್ನು ದಾಟಿಯೇ ಹೋಗುತ್ತಾರೆ.

ಚಿತ್ರ ಬಂದ ಕೂಡಲೇ ಬೋಲ್ಟು ಬಿಗಿದು ಇಳಿದುಬಿಡುವವರೇ ಹೆಚ್ಚು. ಇನ್ನೂ ಒಂದು ಕೆಲಸವಿದೆ. ಎಲ್‌ಎನ್‌ಬಿಯನ್ನು ಅದರ ಹಿಡಿಕೆಯೊಳಗೇ ಮೆಲ್ಲಗೆ ತಿರುಗಿಸಬೇಕು. ನಮ್ಮ ಊರು ಉಪಗ್ರಹಕ್ಕೆ ಪಶ್ಚಿಮದಲ್ಲಿರುವುದರಿಂದ ಅದರ ಅಲೆ ಇಲ್ಲಿಗೆ 50 ಡಿಗ್ರಿಗೂ ಹೆಚ್ಚು ವಾಲಿಕೊಂಡು ಬರುತ್ತದೆ. ಎರಡೂ ಕಡೆ ತಿರುಗಿಸಿ ನೋಡಿ, ಒಂದು ಕಡೆ ಕ್ವಾಲಿಟಿ ಕುಸಿಯುತ್ತದೆ, ಇನ್ನೊಂದು ಕಡೆ ಏರುತ್ತದೆ. ಬಿಸಿಲಿನ ದಿನ ಇಲ್ಲಿ ಗಳಿಸಿದ ಅಂಕಿಯೇ ಮಳೆಗಾಲದ ಉಳಿತಾಯ. ಈ ತರಂಗಗಳನ್ನು ಮಳೆಹನಿ ನುಂಗುತ್ತದೆ, ಜಡಿಮಳೆಯಲ್ಲಿ ಚಿತ್ರ ಚೌಕಚೌಕವಾಗಿ ಒಡೆಯುವುದು ಅದಕ್ಕೇ. ತೀರಾ ತೊಂದರೆಯಾದರೆ 60 ಸೆಂ.ಮೀ. ಬದಲು 90 ಸೆಂ.ಮೀ. ಡಿಶ್ ಹಾಕಿ, ವಿಸ್ತೀರ್ಣ ಎರಡೂಕಾಲು ಪಟ್ಟಾಗುತ್ತದೆ. ತಿಂಗಳುಗಟ್ಟಲೆ ಚೆನ್ನಾಗಿ ಬಂದದ್ದು ಕ್ರಮೇಣ ಕೆಟ್ಟರೆ ಡಿಶ್ ಮುಟ್ಟುವ ಮೊದಲು ಕೇಬಲ್ ತುದಿಯ ಕನೆಕ್ಟರ್ ಬಿಚ್ಚಿ ನೋಡಿ. ತಾಮ್ರದ ತಂತಿ ಹಸಿರುಗಟ್ಟಿದ್ದರೆ ನೀರು ಒಳಗೆ ಹೋಗಿದೆ ಎಂದೇ ಅರ್ಥ, ಆ ತುದಿಯನ್ನು ಕತ್ತರಿಸಿ ಹೊಸ ಕನೆಕ್ಟರ್ ಹಾಕಿ.

ಮಾರ್ಚ್ ಮಧ್ಯದಲ್ಲಿ ಮತ್ತು ಸೆಪ್ಟೆಂಬರ್ ಕೊನೆಯಲ್ಲಿ ಕೆಲವು ದಿನ ಬೆಳಿಗ್ಗೆ 11ರ ಆಸುಪಾಸು ಚಿತ್ರ ಕೆಲವು ನಿಮಿಷ ಹೋದರೆ ಗಾಬರಿಯಾಗಬೇಡಿ. ಆಗ ಸೂರ್ಯ ನೇರವಾಗಿ ಉಪಗ್ರಹದ ಹಿಂದಿರುತ್ತಾನೆ, ತಾನಾಗಿ ಸರಿಹೋಗುತ್ತದೆ. ಆ ಹೊತ್ತಿಗೆ ತಾರಸಿಗೆ ಹೋಗಿ ನೋಡುವುದು ಒಳ್ಳೆಯದು: ಡಿಶ್ ಮೇಲೆ ತೆಂಗಿನ ಗರಿಯ ನೆರಳು ಬಿದ್ದಿದ್ದರೆ, ಕಡಿಸಬೇಕಾದ ಗರಿ ಯಾವುದು ಎಂದು ಅಲ್ಲೇ ಗೊತ್ತಾಗುತ್ತದೆ.