ಮೊಟ್ಟೆ ಸಾಲು, ಬಾಳೆಹಣ್ಣಿನ ಸಾಲು: ಮೂರನೇ ತರಗತಿಯ ಜಗಳ

ಬಿಸಿಯೂಟದಲ್ಲಿ ಮೊಟ್ಟೆ ತಿನ್ನುವವರಿಗೆ ಒಂದು ಸಾಲು, ಬಾಳೆಹಣ್ಣು ತಿನ್ನುವವರಿಗೆ ಇನ್ನೊಂದು ಸಾಲು ಮಾಡಿದ್ದೀರಿ, ನಿಮ್ಮ ಮೂರನೇ ತರಗತಿಯಲ್ಲಿ ಇವರ ನಡುವೆ ಜಗಳವಾಗುತ್ತಿದೆ, ಏನು ಮಾಡಲಿ ಅಂತ ಕೇಳಿದ್ದೀರಿ. ಮೊಟ್ಟೆ ತಿನ್ನುವ ಮಕ್ಕಳನ್ನು ಬಾಳೆಹಣ್ಣಿನವರು "ಛೀ" ಅಂತ ಆಡಿಕೊಳ್ಳೋಕೆ ಕಾರಣ ಬಹುಶಃ ನೀವು ಬರೆದಿರುವ ಆ ಎರಡು ಬೇರೆ ಸಾಲುಗಳೇ. ಮೊದಲು ಅದನ್ನು ತೆಗೆಯಿರಿ: ಬಿಸಿಯೂಟಕ್ಕೆ ಹಾಜರಿ ಕ್ರಮದಲ್ಲಿ ಕೂರಿಸಿ, ಕೂತಲ್ಲಿಗೇ ಬಡಿಸಿ.

ಜಗಳವಾದ ತಕ್ಷಣ "ಸಾರಿ ಹೇಳು" ಅನ್ನಬೇಡಿ. ಬಲವಂತದ ಸಾರಿ ಆಟದ ಹೊತ್ತಿಗೆ ಸೇಡಾಗಿರುತ್ತೆ. ಇಬ್ಬರೂ ನೀರು ಕುಡಿದು ಐದು ನಿಮಿಷ ಸುಮ್ಮನೆ ಕೂರಲಿ. ಆಮೇಲೆ ಒಬ್ಬರು ಏನಾಯ್ತು, ಏನನ್ನಿಸಿತು ಹೇಳಲಿ. ಇನ್ನೊಬ್ಬರು ಕೇಳಿದ್ದನ್ನೇ ತಿರುಗಿ ಹೇಳಲಿ. "ಹೌದು, ಅದೇ" ಅಂತ ಮೊದಲು ಹೇಳಿದವರು ಒಪ್ಪಿದ ಮೇಲಷ್ಟೇ ಸರದಿ ಬದಲು. ನಾಳೆಯಿಂದ ಏನು ಮಾಡಬೇಕು ಅನ್ನೋದನ್ನೂ ಅವರೇ ಹೇಳಲಿ. ಇಡೀ ತರಗತಿಯ ಎದುರು ಮಾತ್ರ ಬೇಡ, ನೋಡುವವರಿದ್ದರೆ ಯಾವ ಮಗುವೂ ತಪ್ಪೊಪ್ಪಲ್ಲ.

ಆ "ಛೀ" ಮನೆಯಿಂದಲೇ ಬರುತ್ತಿದ್ದರೆ ಇಷ್ಟಕ್ಕೇ ನಿಲ್ಲುತ್ತೆ ಅಂತ ಹೇಳಲಾರೆ. ಆಗ ಪೋಷಕರನ್ನು ಒಬ್ಬೊಬ್ಬರಾಗಿ ಕರೆದು ಮಾತಾಡಿ.