ಟೀಚರಲ್ಲಿ ಕೇಳಿ: ಪೊಳಿ, ನೂಬ್ ಮತ್ತು ಅಜ್ಜನ ಸಿಟ್ಟು

ಪ್ರಶ್ನೆ: ಟೀಚರೇ, ಮಗ ಒಂಬತ್ತನೇ ಕ್ಲಾಸು, ಕನ್ನಡ ಮೀಡಿಯಂ. ಮೊನ್ನೆ ನಮ್ಮ ಮಾವ ಮದುವೆಗೆ ಹೊರಟು ನಿಂತಾಗ "ಅಜ್ಜ, ನಿಮ್ಮ ಶಾಲು ಪೊಳಿ ಉಂಟು" ಅಂದ. ಅವರಿಗೆ "ಪೋಲಿ" ಅಂತ ಕೇಳಿಸಿ ಭಾರೀ ಸಿಟ್ಟು ಬಂತು. ಮೊಬೈಲಿನಲ್ಲಿ ಗೇಮ್ ಆಡುವಾಗಲೂ ನೂಬ್, ಲ್ಯಾಗ್, ಜಿಜಿ ಅಂತ ಏನೇನೋ ಹೇಳ್ತಾನೆ. ಇವನ ಕನ್ನಡ ಹಾಳಾಗ್ತಾ ಉಂಟಾ?
– ಒಬ್ಬ ತಾಯಿ, ಪೆರ್ಲ

ಉತ್ತರ: ಮೊದಲು ಮಾವನವರಿಗೆ ಸಮಾಧಾನ ಹೇಳಿ. ಹುಡುಗ ಹೊಗಳಿದ್ದು! ಮಲಯಾಳದ ಹುಡುಗರ ಬಾಯಲ್ಲಿ 'ಪೊಳಿ', 'ಅಡಿಪೊಳಿ' ಅಂದರೆ ಬೊಂಬಾಟ್. ಬೆಂಗಳೂರಿನವರು 'ಸಕ್ಕತ್' ಅನ್ನುವ ಕಡೆ, ಹುಬ್ಬಳ್ಳಿಯವರು 'ಮಸ್ತ್' ಅನ್ನುವ ಕಡೆ, ನಾವು 'ಲಾಯ್ಕ' ಅನ್ನುವ ಕಡೆ ಅದು ಬರುತ್ತದೆ.

ಗೇಮಿನ ಮಾತಿಗೆ ಬರೋಣ. ಲ್ಯಾಗ್ ಅಂದರೆ ನೆಟ್ ನಿಧಾನವಾಗಿ ಆಟ ತಡವರಿಸುವುದು. ಜಿಜಿ ಅಂದರೆ 'ಗುಡ್ ಗೇಮ್', ಆಟ ಮುಗಿದಾಗ ಎದುರಾಳಿಗೆ ಹೇಳುವ ಮರ್ಯಾದೆಯ ಮಾತು. ಆಟ ಬಿಟ್ಟು ಊಟಕ್ಕೆ ಎದ್ದರೆ 'ಎಎಫ್‌ಕೆ', ಅಂದರೆ ಕೀಬೋರ್ಡಿನಿಂದ ದೂರ. ಕಂಪ್ಯೂಟರ್ ಚಾಟಿನ ಕಾಲದ್ದು ಅದು. ಈಗ ಕೀಬೋರ್ಡ್ ಮುಟ್ಟದೆ ಬರೀ ಫೋನಿನಲ್ಲಿ ಆಡುವ ಮಕ್ಕಳೂ ಅದನ್ನೇ ಹೇಳುತ್ತಾರೆ. ಒಂದು ಆಯುಧದ ಬಲ ಕಂಪನಿಯವರೇ ಕಡಿಮೆ ಮಾಡಿದರೆ 'ನರ್ಫ್' ಮಾಡಿದರು ಅನ್ನುತ್ತಾರೆ. ನರ್ಫ್ ಅನ್ನುವುದು ಸ್ಪಂಜಿನ ಗುಂಡು ಹಾರಿಸುವ ಆಟಿಕೆ ಬಂದೂಕಿನ ಬ್ರಾಂಡು.

ನಿಮ್ಮ ಮಗ ಆಡುವಾಗ ಸ್ವಲ್ಪ ಕಿವಿಗೊಟ್ಟು ಕೇಳಿ. "ಲ್ಯಾಗ್ ಆಗ್ತಾ ಉಂಟು ಮಾರಾಯ" ಅನ್ನುತ್ತಾನೆ ಅಲ್ವಾ? ಹೆಸರು ಮಾತ್ರ ಹೊರಗಿನದು. 'ಆಗ್ತಾ ಉಂಟು' ನಮ್ಮದು, ಮಾರಾಯನೂ ನಮ್ಮವನೇ. ನಾವು ಶಾಲೆಯಲ್ಲಿ ದೊಡ್ಡವರಿಗೆ ತಿಳಿಯಬಾರದೆಂದು 'ಕ' ಭಾಷೆ ಆಡುತ್ತಿದ್ದೆವು. ಪ್ರತಿ ಅಕ್ಷರದ ಮುಂದೆ ಒಂದು 'ಕ'. ಗೆಳೆಯರೊಳಗೇ ಇರುವ ಮಾತು ಮಕ್ಕಳಿಗೆ ಬೇಕು. ಅದರಿಂದ ಕನ್ನಡ ಹೋಗುವುದಿಲ್ಲ.

ಕನ್ನಡ ಸೊರಗುವುದು ಬೇರೆ ಕಡೆ. 1956ರ ನವೆಂಬರ್ 1ಕ್ಕೆ ಕಾಸರಗೋಡಿನ ನಾವು ಕೇರಳಕ್ಕೆ ಸೇರಿದೆವು. ಇಂದು ಆಫೀಸಿನ ಫಾರ್ಮು, ಬಸ್ಸಿನ ಬೋರ್ಡು ಹೆಚ್ಚಾಗಿ ಮಲಯಾಳದಲ್ಲಿ. ಪಾಠಪುಸ್ತಕ ಮುಚ್ಚಿದ ಮೇಲೆ ಈ ಹುಡುಗ ಕನ್ನಡ ಓದಲೇಬೇಕಾದ ಜಾಗ ಎಷ್ಟಿದೆ? ನನಗೆ ನಿದ್ದೆ ಕೆಡಿಸುವುದು ಇದು. ಮನೆಗೆ ಕನ್ನಡ ಪೇಪರ್ ತರಿಸಿ. ಅವನೇ ದಿನಾ ಅಜ್ಜನಿಗೆ ಗಟ್ಟಿಯಾಗಿ ಓದಿ ಹೇಳಲಿ.

ಒಂದು ಮಾತಿಗೆ ಮಾತ್ರ ಕಟ್ಟುನಿಟ್ಟು ಮಾಡಿ: ನೂಬ್. ಇಂಗ್ಲಿಷಿನ 'ನ್ಯೂಬಿ' ಅಂದರೆ ಸುಮ್ನೆ ಹೊಸಬ. 'ನೂಬ್' ಅಂದಾಗ ಅದರಲ್ಲಿ ತಾತ್ಸಾರ ಸೇರುತ್ತದೆ. ಗೆಳೆಯನಿಗೆ ತಮಾಷೆಗೆ ಹೇಳಿದರೆ ಸರಿ. ಹೊಸದಾಗಿ ಸೇರಿದ ಸಣ್ಣ ಹುಡುಗನಿಗೆ ಎಲ್ಲರೆದುರು ಹೇಳಿದರೆ ಅವನು ಮತ್ತೆ ಆಟಕ್ಕೆ ಬರುವುದಿಲ್ಲ.

ಪ್ರಶ್ನೆ: ವಿದ್ಯಾರ್ಥಿನಿ ಪ್ರಬಂಧದಲ್ಲಿ 'ನಾಯಕನಿಗೆ ರಿಝ್ ಇತ್ತು' ಎಂದು ಬರೆದಿದ್ದಾಳೆ. ಹೊಡೆದು ಹಾಕಲೇ?
– ಶಿಕ್ಷಕ, ಕುಂಬಳೆ

ಉತ್ತರ: ಪ್ರಬಂಧದಲ್ಲಿ ಹೊಡೆದುಹಾಕಿ, ಬೈಯಬೇಡಿ. ರಿಝ್ ಅಂದರೆ ಸೆಳೆಯುವ ಗುಣ. 2023ರಲ್ಲಿ ಆಕ್ಸ್‌ಫರ್ಡ್‌ನವರು ವರ್ಷದ ಪದವೆಂದು ಆರಿಸಿದ್ದೂ ಇದನ್ನೇ. 'ಆಕರ್ಷಣೆ', 'ಮೋಡಿ', 'ವರ್ಚಸ್ಸು', ಇವುಗಳಲ್ಲಿ ಆ ನಾಯಕನಿಗೆ ಯಾವುದು ಹೊಂದುತ್ತದೆ ಎಂದು ಅವಳನ್ನೇ ಕೇಳಿ.

ಪ್ರಶ್ನೆ: ಬೆಂಗಳೂರಿನ ಹಾಸ್ಟೆಲಿನಲ್ಲಿ ನನ್ನ 'ಉಂಟು', 'ಎಂತ' ಕೇಳಿ ನಗುತ್ತಾರೆ. ಇದೂ ಸ್ಲ್ಯಾಂಗಾ?
– ವಿದ್ಯಾರ್ಥಿ, ಬದಿಯಡ್ಕ

ಉತ್ತರ: ಅಲ್ಲವೇ ಅಲ್ಲ. 'ಉಂಟು' ಹಳಗನ್ನಡದಲ್ಲೂ ಇರುವ ಮಾತು. ಅವರ 'ಮಗಾ', 'ಗುರು' ನೀನು ಕಲಿ, ಚಂದ ಉಂಟು. ನಿನ್ನದನ್ನು ಬಿಡಬೇಡ. ನಕ್ಕವರಿಗೆ ಕೋಪ ಮಾಡದೆ ಅರ್ಥ ಹೇಳು.